ನಲವತ್ತೈದು ಲೀಟರಿನ ಬ್ಯಾಗು

ಜುಲೈ 3, ಗುರುವಾರ

ಬೆಳಿಗ್ಗೆಯಿಂದ ಮೈಕಿನ ಗಾಡಿ ನಮ್ಮ ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದೆ. ಈ ಸಲ ಹೊಳೆ ಉಕ್ಕುವ ಸಂಭವ ಜಾಸ್ತಿಯಂತೆ. ತಗ್ಗಿನ ಬೀದಿಗಳವರು ಮೂರು ದಿನಕ್ಕೆ ಬೇಕಾದದ್ದನ್ನೆಲ್ಲ ಒಂದು ಬ್ಯಾಗಿಗೆ ತುಂಬಿ ಬಾಗಿಲ ಪಕ್ಕ ಇಟ್ಟುಕೊಳ್ಳಬೇಕಂತೆ. ಸೈರನ್ ಆದ ಕೂಡಲೇ ಹೆಗಲಿಗೇರಿಸಿ ಹೊರಟುಬಿಡಬೇಕಂತೆ. ಇಷ್ಟನ್ನೂ ಗಾಡಿಯವನು ಬಟ್ಟೆ ಅಂಗಡಿಯ ರಿಯಾಯಿತಿ ಸಾರುವ ದನಿಯಲ್ಲೇ ಹೇಳಿದ.

ನಮ್ಮ ಮನೆ ತಗ್ಗಿಗೂ ತಗ್ಗು. ಬೀದಿಯ ಕೊನೆಯಲ್ಲಿ ತಡೆಗೋಡೆ, ಅದರ ಈಚೆಗೆ ನಾನು ಕೆಲಸ ಮಾಡುವ ಪಂಪ್‌ಹೌಸು, ಆಚೆಗೆ ಹೊಳೆ. ಊರಿನ ಈ ಭಾಗದ ಚರಂಡಿ ನೀರೆಲ್ಲ ಬಂದು ನಮ್ಮ ಬಾವಿಗೆ ಬೀಳುತ್ತದೆ, ಮೂರು ಪಂಪುಗಳು ಅದನ್ನು ಎತ್ತಿ ಗೋಡೆಯ ಆಚೆ ಹಾಕುತ್ತವೆ. ಗುಂಡಿ ಒತ್ತುವುದು, ಬಾವಿಯ ಬಾಯಿಯ ಜಾಲರಿಗೆ ಸಿಕ್ಕಿಕೊಂಡ ಕಸವನ್ನು ಕೊಕ್ಕೆ ಕೋಲಿನಿಂದ ಎಳೆದುಹಾಕುವುದು ನನ್ನ ಉದ್ಯೋಗ. ಸಂಬಳಕ್ಕೆ ಮಾಡುವ ಕೆಲಸ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಕ್ಕೇನಿಲ್ಲ.

ಸಂಜೆ ಹೆಂಡತಿಗೆ ಬ್ಯಾಗು ತರುತ್ತೇನೆ ಎಂದೆ. "ತನ್ನಿ" ಎಂದಳು. ತಟ್ಟೆ ಒರೆಸಿ ಜೋಡಿಸುತ್ತಾ, "ಇಬ್ರಿಗಾಗೋಷ್ಟು ದೊಡ್ಡದಿದ್ರೆ ಸಾಕು" ಎಂದು ಸೇರಿಸಿದಳು.

"ಮೂರು ಜನ ಇದೀವಲ್ಲ?"

"ಹೊಳೆ ಬಂದ್ರೆ ನಾನು ವಾರ್ಡಲ್ಲಿರ್ತೀನಿ ರೀ. ಅವತ್ತು ಯಾರು ಮನೆಗೆ ಕಳಿಸ್ತಾರೆ? ಗಾಜಿನ ಪೆಟ್ಟಿಗೇಲಿರೋ ಕೂಸುಗಳು ತಾವೇ ಎದ್ದು ನಡ್ಕೊಂಡು ಹೋಗ್ತಾವಾ?"

ಅವಳು ದೊಡ್ಡಾಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನ ನರ್ಸು. ತಮಾಷೆಗೆ ಹೇಳಿದಳೋ ಏನೋ ಎಂದು ಮುಖ ನೋಡಿದೆ. ತಮಾಷೆಯಲ್ಲ. ಆಮೇಲೆ ಒಂದು ಕಡೆ ಕೂರಲಾಗಲಿಲ್ಲ. ಬಾಗಿಲ ತನಕ ಹೋಗುವುದು, ಬರುವುದು, ಮತ್ತೆ ಹೋಗುವುದು. "ಏನಾದ್ರೂ ಕಳ್ಕೊಂಡಿದೀರಾ?" ಎಂದು ಅವಳೇ ಕೇಳಿದಳು.

ಜುಲೈ 5, ಶನಿವಾರ

ಬ್ಯಾಗಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ವಯಸ್ಸಾದವರು, ಮಾತಿಗೊಂದು ಜಿಪ್ಪು ಎಳೆದು ತೋರಿಸುತ್ತಾರೆ.

"ಎಷ್ಟು ಲೀಟರಿಂದು ಕೊಡ್ಲಿ ಸಾರ್?"

"ನನಗೆ ಬೇಕಾಗಿರೋದು ಬ್ಯಾಗು, ಡ್ರಮ್ಮಲ್ಲ."

"ಬ್ಯಾಗನ್ನೂ ಈಗ ಲೀಟರಲ್ಲೇ ಹೇಳೋದು."

ಕೇಳಿ ಬಹಳ ಖುಷಿಯಾಯಿತು. ಮನೆಯಲ್ಲಿ, ಬೀದಿಯಲ್ಲಿ ನಾನು ಲೀಟರು ಎಂದು ಬಾಯಿ ತೆರೆದರೆ ಎಲ್ಲರೂ ಆಕಳಿಸುತ್ತಾರೆ. ಪೇಟೆಯಲ್ಲೊಬ್ಬರು ಕೊನೆಗೂ ನನ್ನ ಭಾಷೆಯಲ್ಲಿ ಮಾತಾಡಿದರು. ಇಬ್ಬರಿಗೆ ಮೂವತ್ತು ಲೀಟರು ಸಾಕು, ಮೂವರಿಗಾದರೆ ನಲವತ್ತೈದು ಎಂದರು. ನಾನು ನಲವತ್ತೈದರದ್ದನ್ನೇ ತೆಗೆದುಕೊಂಡೆ. ಕಡುನೀಲಿ, ಎದೆಗೊಂದು ಸೊಂಟಕ್ಕೊಂದು ಬಕಲ್ಲು.

ಮನೆಗೆ ತಂದಾಗ ಹೆಂಡತಿ ಅದನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋದಳು. ಹೋಗಲಿ, ಜಾಗವಂತೂ ಇದೆ.

ಜುಲೈ 6, ಭಾನುವಾರ

ಬರೆಯುವುದಕ್ಕೆ ನಾಚಿಕೆ. ಆದರೂ ಇದನ್ನು ಓದುವವರು ಯಾರಿದ್ದಾರೆ?

ನಲವತ್ತೈದು ಎಂದು ಬರೆದ ಮಾತ್ರಕ್ಕೆ ನಲವತ್ತೈದು ಇರುತ್ತದೆ ಎಂದು ನಂಬುವವನು ನಾನಲ್ಲ. ಪಂಪಿನ ಮೇಲೆ ಬರೆದದ್ದೊಂದು, ಎತ್ತುವುದೊಂದು, ಅದನ್ನು ನೋಡಿ ನೋಡಿ ಸಾಕಾಗಿದೆ. ಬಚ್ಚಲಲ್ಲಿ ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಗೋಡೆಯ ಕೊಕ್ಕೆಗೆ ನೇತುಹಾಕಿ, ಐದು ಲೀಟರಿನ ಕ್ಯಾನಿನಲ್ಲಿ ಅಳೆದು ಅಳೆದು ನೀರು ಸುರಿದೆ. ಮಗಳು ಗಿಣಿ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು. ಆರು ವರ್ಷದ ಈ ಹುಡುಗಿ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ, ಅದಕ್ಕೇ ಆ ಹೆಸರು. ಎಂಟನೆಯ ಕ್ಯಾನು ಪೂರ್ತಿ ಹಿಡಿಯಲಿಲ್ಲ. ನಲವತ್ತೂ ಇಲ್ಲ! "ಮೋಸ!" ಎಂದು ನಾನು ಕೂಗುವುದಕ್ಕೂ ಹೆಗಲ ಪಟ್ಟಿ ಚರ್ರನೆ ಕಿತ್ತುಹೋಗುವುದಕ್ಕೂ ಸರಿಹೋಯಿತು. ನೀರೆಲ್ಲ ನನ್ನ ಮೇಲೆ, ಬಚ್ಚಲಿಂದ ನಡುಮನೆಗೆ.

ಹೆಂಡತಿ ಓಡಿ ಬಂದಳು. ನೋಡಿದಳು. "ಹೊಳೆ ಬರೋಕೆ ಮುಂಚೆ ನೀವೇ ತಂದ್ಬಿಟ್ರಾ?" ಎಂದವಳೇ ಬಾಗಿಲು ಹಿಡಿದುಕೊಂಡು ನಗತೊಡಗಿದಳು. ಗಿಣಿಯೂ ನಕ್ಕಳು, ನಾನೂ ನಕ್ಕೆ. ಬಹಳ ದಿನದ ಮೇಲೆ ಮೂವರೂ ಒಟ್ಟಿಗೆ ನಕ್ಕಿದ್ದು.

ಜುಲೈ 7, ಸೋಮವಾರ

ಅಂಗಡಿಯವರ ಜೊತೆ ಜಗಳಕ್ಕೆ ಹೋದೆ. ಅವರು ಕಥೆ ಪೂರ್ತಿ ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಆ ಲೆಕ್ಕ ಹೊರಗಿನ ಜೇಬೆಲ್ಲಾ ಸೇರಿ ಸಾರ್. ಇಷ್ಟು ವರ್ಷದಲ್ಲಿ ಬ್ಯಾಗಿಗೆ ನೀರು ಹುಯ್ದು ಅಳತೆ ಕಮ್ಮಿ ಅಂತ ಬಂದೋರು ನೀವೊಬ್ರೇ."

ವಾಪಸು ತೆಗೆದುಕೊಳ್ಳಲಿಲ್ಲ. ಆದರೆ ಪಟ್ಟಿಯನ್ನು ಎರಡು ಪದರ ಮಾಡಿ ಹೊಲಿದುಕೊಟ್ಟರು, ಕಾಸು ಬೇಡವೆಂದರು. ನನ್ನ ಕಥೆಯಿಂದ ಅವರಿಗೆ ಅಷ್ಟು ಸಂತೋಷವಾಗಿರಬೇಕು.

ಜುಲೈ 10, ಗುರುವಾರ

ಬ್ಯಾಗು ತುಂಬಿದೆ. ಟಾರ್ಚು, ಔಷಧಿ, ಬಿಸ್ಕತ್ತು, ಸೋಪು, ಮೂವರಿಗೂ ಎರಡೆರಡು ಜೊತೆ ಬಟ್ಟೆ. ಮೂರು ದಿನದ ಕುಡಿಯುವ ನೀರನ್ನೂ ಹಾಕಿ ನೋಡಿದೆ. ಎತ್ತಲು ಹೋಗಿ ನಾನೇ ಮುಗ್ಗರಿಸಿದೆ. ನೀರಿನ ಭಾರ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಬೆನ್ನಿಗೆ ಬಿದ್ದ ಮೇಲೇ ಬುದ್ಧಿ ಬಂತು. ಎರಡು ಬಾಟಲಿ ಬಿಟ್ಟು ಉಳಿದದ್ದನ್ನು ತೆಗೆದೆ.

ಕೆಲಸದಿಂದ ಬಂದು ನೋಡಿದರೆ ಹೆಂಡತಿಯ ಬಟ್ಟೆ ಬ್ಯಾಗಿನಲ್ಲಿಲ್ಲ. ಬೀರುವಿನಲ್ಲಿ ಮೊದಲಿದ್ದ ಜಾಗದಲ್ಲೇ ಮಡಿಸಿ ಕೂತಿವೆ. ಮತ್ತೆ ತೆಗೆದು ಬ್ಯಾಗಿಗೆ ಹಾಕಿದೆ.

ಜುಲೈ 12, ಶನಿವಾರ

ಬಟ್ಟೆ ಬೀರುವಿಗೆ. ಬಟ್ಟೆ ಬ್ಯಾಗಿಗೆ. ಬಟ್ಟೆ ಬೀರುವಿಗೆ. ಇಬ್ಬರ ಬಾಯಲ್ಲೂ ಬರೀ "ಉಪ್ಪು ಕೊಡಿ", "ಗಿಣಿಗೆ ಬಿಸಿನೀರು ಕಾದಿದೆ."

ಇವತ್ತು ಗಿಣಿ ಬ್ಯಾಗಿನ ಮೇಲೆ ಕುದುರೆ ಸವಾರಿ ಮಾಡುತ್ತಾ ಕೇಳಿದಳು: "ಅಪ್ಪಾ, ಹೊಳೆ ಬಂದಾಗ ಅಮ್ಮ ಯಾಕೆ ನಮ್ಜೊತೆ ಬರಲ್ಲ?"

"ಹೋಗಿ ನಿಮ್ಮಮ್ಮನ್ನೇ ಕೇಳು" ಎಂದೆ. ಹೆಂಡತಿ ಅಲ್ಲೇ ಇಸ್ತ್ರಿ ಮಾಡುತ್ತಿದ್ದಳು. ಅವಳಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದು. ಉತ್ತರ ಕೊಡಬೇಕಾದವಳು ಅವಳು, ನಾನ್ಯಾಕೆ ಅವಳ ಪರವಾಗಿ ಬಾಯಿ ಸವೆಸಲಿ? ಗಿಣಿ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ ಮತ್ತೆ ಕುದುರೆ ಓಡಿಸಿದಳು.

ಜುಲೈ 17, ಗುರುವಾರ

ಇವತ್ತು ಅಭ್ಯಾಸದ ಸೈರನ್. ಎಲ್ಲರೂ ಬ್ಯಾಗು ಹೊತ್ತು ದಿಣ್ಣೆಯ ಮೇಲಿನ ಶಾಲೆಗೆ ಹೋಗಬೇಕು. ನಾನು ರಜ ಹಾಕಿದ್ದೆ. ಬ್ಯಾಗು ಬೆನ್ನಿಗೆ, ಗಿಣಿ ಕೈಗೆ. ಸ್ವಲ್ಪ ದೂರಕ್ಕೆ ಗಿಣಿಗೆ ಕಾಲು ನೋವು, ಎತ್ತಿಕೋ ಎಂದಳು. ಬೆನ್ನು ಖಾಲಿಯಿಲ್ಲ. ಎದೆಗವಚಿಕೊಂಡು ದಿಣ್ಣೆ ಹತ್ತುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಇದನ್ನು ಯಾವ ಮೈಕಿನವನೂ ಹೇಳಿರಲಿಲ್ಲ.

ಶಾಲೆಯ ಮೈದಾನದಲ್ಲಿ ಎದುರುಮನೆಯಾಕೆ, "ಮನೆಯವ್ರೆಲ್ಲಿ? ಒಬ್ರೇ ಬಂದಿದೀರಾ?" ಎಂದಳು. ಡ್ಯೂಟಿ ಎಂದೆ. "ಪಾಪ" ಎಂದಳು. ಯಾರಿಗೆ ಪಾಪ ಎಂದು ಹೇಳಲಿಲ್ಲ, ನನ್ನ ಮುಖ ನೋಡಿಯೇ ಹೇಳಿದ್ದು. ಮೈಯೆಲ್ಲ ಉರಿದುಹೋಯಿತು.

ಸಂಜೆ ಪಂಪ್‌ಹೌಸಿಗೆ ಹೋಗಿ ನನ್ನ ಜೋಡಿ ಕೆಲಸಗಾರನ ಹತ್ತಿರ ಇದನ್ನೆಲ್ಲ ಕಾರಿಕೊಂಡೆ. ಅವನನ್ನು ಎಲ್ಲರೂ ಕರೆಯುವುದು ಸೋಡಾ ಎಂದು, ದಪ್ಪ ಗಾಜಿನ ಕನ್ನಡಕದಿಂದಾಗಿ. ಹೊಳೆಯಾಚೆ ಅವನ ಮನೆ, ಸೇತುವೆ ದಾಟಿ ಬರುತ್ತಾನೆ.

"ಅಲ್ಲ, ನಿಜವಾಗ್ಲೂ ನೀರು ಬಂದ್ರೆ ನಾವೂ ಇಲ್ಲೇ ಇರಬೇಕಾಗತ್ತಲ್ವಾ?" ಎಂದ ಸೋಡಾ.

"ನೀನು ಇರು. ನಾನು ಮೊದಲ ಸೈರನ್‌ಗೇ ಓಟ. ಹೆಂಡತಿ ಮಕ್ಕಳಿಗಿಂತ ಈ ಕಬ್ಬಿಣದ ತುಂಡುಗಳು ದೊಡ್ಡದಾ?"

ಸೋಡಾ ಕನ್ನಡಕ ಒರೆಸಿಕೊಂಡ. ಹೇಳಿಬಿಟ್ಟೆನಲ್ಲ, ಮನಸ್ಸು ಹಗುರವಾಯಿತು.

ಜುಲೈ 20, ಭಾನುವಾರ

ಇವತ್ತು ಒಡೆಯಿತು. ಬೀರುವಿನಿಂದ ಅವಳ ಬಟ್ಟೆ ತೆಗೆಯುತ್ತಿದ್ದೆ, ಅವಳು ಬಂದು ಕೈ ಹಿಡಿದಳು.

"ಯಾಕೆ ರೀ ಈ ಆಟ? ನಾನು ಬರಲ್ಲ ಅಂತ ಗೊತ್ತಿಲ್ವಾ?"

"ಗೊತ್ತು. ಊರವರ ಮಕ್ಕಳು ಮುಖ್ಯ ನಿನಗೆ. ಹೆತ್ತ ಮಗಳು ಕೊಚ್ಚಿಕೊಂಡು ಹೋದ್ರೂ ಪರವಾಗಿಲ್ಲ."

ಆಡಬಾರದ ಮಾತು. ಬಾಯಿಂದ ಹೊರಟ ಮೇಲೆ ಗೊತ್ತಾಯಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಮಂಚದ ತುದಿಯಲ್ಲಿ ಕೂತು ನಿಧಾನವಾಗಿ ಹೇಳಿದಳು.

"ನನ್ನ ಮಗಳಿಗೆ ನೀವಿದೀರಿ. ಅದೊಂದು ಧೈರ್ಯದ ಮೇಲೇ ನಾನು ಅಲ್ಲಿ ನಿಂತಿರ್ತೀನಿ. ಆ ಕೂಸುಗಳಿಗೆ ಆ ಹೊತ್ತಲ್ಲಿ ಯಾರಿದಾರೆ ಹೇಳಿ."

ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಅವಳ ಬಟ್ಟೆಯನ್ನು ಬೀರುವಿಗೆ ತುರುಕಿ ಬಾಗಿಲು ಬಡಿದೆ. ಆಯಿತು, ಇನ್ನು ಮುಟ್ಟುವುದಿಲ್ಲ.

ಜುಲೈ 22, ಮಂಗಳವಾರ

ಅಂಗಡಿಗೆ ಹೋಗಿ ಮೂವತ್ತು ಲೀಟರಿನ ಬ್ಯಾಗು ತಂದೆ. ಇಬ್ಬರಿಗೆ.

"ಇದಕ್ಕೂ ನೀರು ಹುಯ್ತೀರಾ ಸಾರ್?" ಎಂದರು. ನಗು ಬರಲಿಲ್ಲ. ಅವರೇ ಪಟ್ಟಿಗಳನ್ನು ನನ್ನ ಬೆನ್ನಿಗೆ ಸರಿಯಾಗಿ ಬಿಗಿಸಿ, ಇನ್ನು ಎಳೆಯಬೇಡಿ ಎಂದರು. ಮನೆಗೆ ಬಂದು ನನ್ನದೂ ಗಿಣಿಯದೂ ಸಾಮಾನನ್ನು ಇದಕ್ಕೆ ತುಂಬಿ, ನಲವತ್ತೈದರದ್ದನ್ನು ಅಟ್ಟಕ್ಕೆ ಹಾಕಿದೆ.

ಜುಲೈ 25, ಶುಕ್ರವಾರ

ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ಮೂರನೇ ಪಂಪು ಸದ್ದು ಬದಲಿಸಿದೆ, ಕೆಮ್ಮಿದ ಹಾಗೆ. ಸೋಡಾನಿಗೆ ಕೇಳಿಸುವುದೇ ಇಲ್ಲವಂತೆ. ಅವನಿಗೆ ಕಣ್ಣು ಹೋದದ್ದು ಗೊತ್ತಿತ್ತು, ಕಿವಿಯೂ ಹೋಗಿದೆ. ಬಿಚ್ಚಿ ನೋಡಿದೆವು, ಒಳಗೆ ತಿರುಗುವ ರೆಕ್ಕೆಗೆ ಯಾರದೋ ಹೊದಿಕೆ ಸುತ್ತಿಕೊಂಡಿತ್ತು. ಇಂಚಿಂಚು ಕತ್ತರಿಸಿ ತೆಗೆಯುವಷ್ಟರಲ್ಲಿ ನನ್ನ ಪಾಳಿ ಮುಗಿದು ಯಾವ ಕಾಲವಾಗಿತ್ತೋ. ಮತ್ತೆ ಓಡಿಸಿದಾಗ ಆ ಸದ್ದು! ಒಂದೇ ಸಮ, ತುಂಬಿದ ಸದ್ದು. ಸೋಡಾನ ಬೆನ್ನಿಗೆ ಗುದ್ದಿದೆ ಖುಷಿಗೆ.

ಜುಲೈ 26, ಶನಿವಾರ

ರಜವಿದ್ದರೂ ಮಧ್ಯಾಹ್ನ ಪಂಪ್‌ಹೌಸಿಗೆ ಹೋಗಿ ಬಂದೆ. ಮೂರನೆಯದು ಸರಿಯಾಗಿದೆ. ಬಾವಿಯ ಜಾಲರಿಗೆ ಕಸ ಬಹಳ, ಸೋಡಾ ಒಬ್ಬನೇ ಪರದಾಡುತ್ತಿದ್ದ, ಕೈ ಹಾಕಿದೆ. ಇದೇನೂ ಕೆಲಸದ ಮೇಲಿನ ಮೋಹವಲ್ಲ. ಮನೆಯಲ್ಲಿ ಮಾತಿಲ್ಲ, ಕೂತರೆ ಕಿವಿ ಸುಮ್ಮನಿರುವುದಿಲ್ಲ, ಪಂಪಿನ ಸದ್ದನ್ನೇ ಹುಡುಕುತ್ತದೆ. ಕೇಳಿಸಿದರೆ ನಿಂತುಹೋದೀತೆಂದು ಚಡಪಡಿಕೆ, ಕೇಳಿಸದಿದ್ದರೆ ಎದ್ದು ಬಾಗಿಲಿಗೆ ಹೋಗುತ್ತೇನೆ. "ಹೋಗಿ ನೋಡ್ಕೊಂಡೇ ಬನ್ನಿ ಅತ್ಲಾಗೆ" ಎಂದಳು ಹೆಂಡತಿ. ಆರು ದಿನದಲ್ಲಿ ಅವಳಾಗಿ ಆಡಿದ ಮೊದಲ ಮಾತು.

ಜುಲೈ 28, ಸೋಮವಾರ

ದೊಡ್ಡಾಸ್ಪತ್ರೆಯ ಕೆಳಮಹಡಿಗೆ ನೀರು ನುಗ್ಗಿತು. ಅವರ ವಾರ್ಡನ್ನು ಇಡೀ ದಿನ ದಿಣ್ಣೆಯ ಆಸ್ಪತ್ರೆಗೆ ಸಾಗಿಸಿದರಂತೆ. ಹೆಂಡತಿ ಒಂದೊಂದು ಕೂಸಿನ ಜೊತೆಗೂ ಆಂಬುಲೆನ್ಸಿನಲ್ಲಿ ಹೋಗಿ, ಮುಟ್ಟಿಸಿ, ಮತ್ತೆ ಬಂದು ಮತ್ತೊಂದನ್ನು ಕರೆದುಕೊಂಡು ಹೋಗಿದ್ದಾಳೆ. ಎಲ್ಲವೂ ಸುರಕ್ಷಿತವಾಗಿ ಸೇರಿದವಂತೆ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲೇ ನಿದ್ದೆ ಹೋದಳು. ಚಪ್ಪಲಿ ನಾನೇ ಬಿಚ್ಚಿದೆ. ಪಾದ ಊದಿತ್ತು.

ಮೂರು ದಿನ ಮನೆಯಲ್ಲೇ ವಿಶ್ರಾಂತಿ ತೆಗೆದುಕೋ ಎಂದು ಹೇಳಿ ಕಳಿಸಿದ್ದಾರಂತೆ. ಒಳಗೊಳಗೇ ಹಿಗ್ಗಿದೆ. ಇನ್ನು ಹೊಳೆ ಬರುವುದಿದ್ದರೆ ಈ ಮೂರು ದಿನದಲ್ಲೇ ಬಂದುಬಿಡಲಿ, ಮೂವರೂ ಒಟ್ಟಿಗೆ ಹೊರಡಬಹುದು! ಅವಳ ಬಟ್ಟೆಯನ್ನು ಬ್ಯಾಗಿಗೆ ಹಾಕೋಣವೆಂದು ಎದ್ದೆ. ಬೀರು ಕಿರುಗುಟ್ಟುತ್ತದೆ, ಎಚ್ಚರವಾಗುತ್ತಾಳೆ. ನಾಳೆ ಹಾಕಿದರಾಯಿತು.

ಜುಲೈ 29, ಮಂಗಳವಾರ

ಪಂಪ್‌ಹೌಸಿನಲ್ಲಿ ಬರೆಯುತ್ತಿದ್ದೇನೆ. ಅಂಗೈಯೆಲ್ಲ ಬೊಬ್ಬೆ, ಕೊಕ್ಕೆ ಕೋಲು ಎಳೆದೂ ಎಳೆದೂ.

ಬೆಳಗಿನ ಪಾಳಿಗೆ ಬಂದಿದ್ದೆ. ಸೈರನ್ ಆಯಿತು, ಅಭ್ಯಾಸದ್ದಲ್ಲ. ಬೀದಿಗೆ ಟ್ರಾಕ್ಟರುಗಳು ಬಂದವು. ಸೋಡಾ ಬಂದು ನನ್ನನ್ನು ಬಿಡಿಸಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಗಾಡಿ ಬಂದಿದೆ. ಗಿಣೀನ ರೆಡಿ ಮಾಡಿದೀನಿ. ಎಲ್ಲಿದೀರಾ?"

"ಸೋಡಾ ಇನ್ನೂ ಬಂದಿಲ್ಲ."

"ಅವರೆಲ್ಲಿ ಬರ್ತಾರೆ? ಸೇತುವೆ ಮುಚ್ಚಿದಾರೆ."

ಬಾವಿಯಲ್ಲಿ ನೀರು ಕೆಂಪು ಗೆರೆ ದಾಟಿತ್ತು. ಪಂಪು ನಿಂತರೆ ಮೊದಲು ಮುಳುಗುವುದು ನಮ್ಮ ಬೀದಿಯ ತಿರುವು, ಟ್ರಾಕ್ಟರುಗಳೆಲ್ಲ ಹೋಗುವ ಒಂದೇ ದಾರಿ. ಕೈಯಲ್ಲಿ ಕೊಕ್ಕೆ ಹಿಡಿದವನು ಹೇಗೆ ಬಿಟ್ಟು ಬರುವುದು? ಪಂಪುಗಳು ತಮ್ಮ ಕಸ ತಾವೇ ತೆಗೆದುಕೊಳ್ಳುತ್ತವೆಯೇ?

"ನೀವಿಬ್ರೂ ಹೋಗಿರಿ. ನಾನು ಹಿಂದೇನೇ ಬರ್ತೀನಿ" ಎಂದೆ.

ಆ ಕಡೆಯಿಂದ ಗಿಣಿ ಏನೋ ಕೇಳುತ್ತಿದ್ದದ್ದು, ಗಾಡಿಯವನು ಕೂಗುತ್ತಿದ್ದದ್ದು ಕೇಳಿಸಿತು. ಆಮೇಲೆ ಹೆಂಡತಿ, "ಜಾಲರಿ ಹತ್ರ ಹೋಗೋವಾಗ ಸೊಂಟಕ್ಕೆ ಹಗ್ಗ ಕಟ್ಕೊಳ್ಳಿ" ಎಂದಳು. ಅಷ್ಟೇ.

ಮೇಲಿನ ಕಿಟಕಿಯಿಂದ ಅವರು ಹೋಗುವುದನ್ನು ನೋಡಿದೆ. ಬ್ಯಾಗು ಅವಳ ಬೆನ್ನ ಮೇಲಿತ್ತು. ಪಟ್ಟಿ ನನ್ನ ಎತ್ತರಕ್ಕೆ ಬಿಗಿಸಿದ್ದು, ನಡೆದಂತೆಲ್ಲ ಬ್ಯಾಗು ಅವಳ ಸೊಂಟಕ್ಕಿಂತ ಕೆಳಗೆ ಬಡಿಯುತ್ತಿತ್ತು. ಸೊಂಟದ ಬಕಲ್ಲು ಹಾಕು ಎಂದು ಕಿಟಕಿಯಿಂದ ಕೂಗಿದೆ. ಈ ಪಂಪುಗಳ ಗಲಾಟೆಯಲ್ಲಿ ನನಗೇ ನನ್ನ ದನಿ ಕೇಳಿಸಲಿಲ್ಲ. ಗಿಣಿಯನ್ನು ಯಾರೋ ಎತ್ತಿ ಗಾಡಿಯೊಳಗೆ ಕೂರಿಸಿದರು. ತಿರುವಿನಲ್ಲಿ ನೀರು ಚಕ್ರದ ಅರ್ಧದಷ್ಟಿತ್ತು, ಆದರೆ ಗಾಡಿ ದಾಟಿತು.

ಜುಲೈ 30, ಬುಧವಾರ

ಎರಡು ಪಂಪು ನಡೆಯುತ್ತಿವೆ. ಒಂದನೆಯದು ಸುಟ್ಟುಹೋಯಿತು. ಮೂರನೆಯದು, ಕೆಮ್ಮುತ್ತಿದ್ದದ್ದೇ, ನಿಂತಿಲ್ಲ. ನನಗೆ ಹಸಿವು. ಬಿಸ್ಕತ್ತು, ಟಾರ್ಚು, ಎಲ್ಲಾ ಬ್ಯಾಗಿನಲ್ಲಿ ಹೋಯಿತು. ಹಗ್ಗ ಕಟ್ಟಿಕೊಂಡೇ ಇದ್ದೇನೆ.

ಅವರು ತಲುಪಿದರೋ ಇಲ್ಲವೋ. ಫೋನು ಸತ್ತಿದೆ. ಕೊಕ್ಕೆ ಕೈಯಲ್ಲಿದ್ದಾಗ ಪರವಾಗಿಲ್ಲ, ಕೆಳಗಿಟ್ಟ ಕೂಡಲೇ ಕಿಟಕಿಗೆ ಹೋಗಿ ತಿರುವನ್ನೇ ನೋಡುತ್ತೇನೆ.

ಆಗಸ್ಟ್ 1, ಶುಕ್ರವಾರ

ನಿನ್ನೆ ಸಂಜೆಯಿಂದ ಹೊಳೆ ಇಳಿಯತೊಡಗಿತು. ಇವತ್ತು ಬೆಳಿಗ್ಗೆ ಸೋಡಾ ದೋಣಿಯಲ್ಲಿ ಬಂದ. ನನ್ನನ್ನು ನೋಡಿ, "ಮೊದಲ ಸೈರನ್‌ಗೇ ಓಡ್ತೀನಿ ಅಂದಿದ್ಯಲ್ಲೋ" ಎಂದ. ಅವನಿಗೆ ಉತ್ತರ ಕೊಡುವಷ್ಟು ಪುರುಸೊತ್ತಿರಲಿಲ್ಲ. ಕೊಕ್ಕೆ ಅವನ ಕೈಗೆ ಕೊಟ್ಟು ದಿಣ್ಣೆ ಹತ್ತಿದೆ.

ದಾರಿಯುದ್ದಕ್ಕೂ ಹೆಂಡತಿಗೆ ಹೇಳಬೇಕಾದದ್ದನ್ನು ಜೋಡಿಸಿಕೊಂಡೆ. ಸೇತುವೆ ಮುಚ್ಚಿದ್ದು, ಒಂದನೇ ಪಂಪು ಸುಟ್ಟದ್ದು, ನನ್ನ ಸ್ಥಿತಿ ಬೇರೆ, ಅವಳದ್ದು ಬೇರೆ. ಒಂದಕ್ಕೊಂದು ಕೂಡಿ ಬರಲಿಲ್ಲ.

ಶಾಲೆಯ ಒಂದು ಕೋಣೆಯಲ್ಲಿ ಬೆಂಚುಗಳನ್ನು ಜೋಡಿಸಿ ಹಾಸಿಗೆ ಮಾಡಿದ್ದರು. ಹೆಂಡತಿ ಗಿಣಿಯ ತಲೆ ಬಾಚುತ್ತಿದ್ದಳು. ಮೈಮೇಲೆ ನನ್ನ ಚೌಕಳಿ ಶರಟು, ತೋಳು ಮಡಿಸಿ ಮಡಿಸಿ ಮೊಣಕೈಗೆ ಏರಿಸಿದ್ದಳು. ನಾನು ಶರಟನ್ನೇ ನೋಡುತ್ತಿದ್ದದ್ದು ಕಂಡು, "ಉಟ್ಟಿದ್ದೆಲ್ಲಾ ನೆಂದುಹೋಗಿತ್ತು. ಬ್ಯಾಗಲ್ಲಿ ನಂದು ಏನೂ ಇರ್ಲಿಲ್ವಲ್ಲ" ಎಂದಳು. ಚುಚ್ಚುವ ದನಿಯಿರಲಿಲ್ಲ.

ಗಿಣಿ ಮಾತ್ರ ಬಿಡಲಿಲ್ಲ. ಬಾಚಣಿಗೆಯ ಕೆಳಗಿಂದಲೇ ತಲೆ ತಿರುಗಿಸಿ, "ಅಪ್ಪಾ, ನೀನ್ಯಾಕೆ ನಮ್ಜೊತೆ ಬರ್ಲಿಲ್ಲ? ಎಲ್ರಪ್ಪಂದಿರೂ ಬಂದಿದ್ರು" ಎಂದಳು.

ಜೋಡಿಸಿಕೊಂಡು ಬಂದದ್ದೆಲ್ಲ ಎತ್ತ ಹೋಯಿತೋ. ಹೆಂಡತಿಯ ಮುಖ ನೋಡಿದೆ. ಅವಳು ಕೂದಲ ಸಿಕ್ಕು ಬಿಡಿಸುತ್ತಲೇ ಇದ್ದಳು.

"ನಮ್ ಗಾಡಿ ಹೋಗೋ ದಾರೀಲಿ ನೀರು ನಿಲ್ಲದೆ ಇರ್ಲಿ ಅಂತ ಅಪ್ಪ ಅಲ್ಲೇ ಇದ್ರು, ಪುಟ್ಟಾ. ಅಪ್ಪ ಅಲ್ಲಿದ್ದಿದ್ದಕ್ಕೇ ನಾವು ಇಲ್ಲಿಗೆ ಬಂದ್ವಿ. ಅಲ್ಲಾಡ್ಬೇಡ, ಜಡೆ ಸೊಟ್ಟ ಆಗತ್ತೆ."

"ಓ" ಎಂದಳು ಗಿಣಿ, ಅಷ್ಟಕ್ಕೇ ಸಮಾಧಾನವಾಗಿ ಬೇರೆ ಏನೋ ಹೇಳತೊಡಗಿದಳು. ನಾನು ಹೊರಗಿನ ನಲ್ಲಿಗೆ ಹೋಗಿ ಮುಖ ತೊಳೆದೆ, ಕಣ್ಣೀರು ನಿಲ್ಲಲಿಲ್ಲ, ಮತ್ತೆ ತೊಳೆದೆ. ಅಂಥ ಮಾತಾಡಿದ ಮೇಲೂ ಇವಳು ಇಷ್ಟು ಸುಲಭವಾಗಿ ನನ್ನ ಪರವಾಗಿ ಹೇಗೆ ಹೇಳಿದಳು?

ಮಧ್ಯಾಹ್ನ ದಿಣ್ಣೆಯ ಆಸ್ಪತ್ರೆಯಿಂದ ಅವಳಿಗೆ ಕರೆ ಬಂತು. ನರ್ಸುಗಳು ಸಾಲುತ್ತಿಲ್ಲ, ಆಗುವುದಾದರೆ ಬಾ ಎಂದರಂತೆ. ಗಿಣಿ ನಿದ್ದೆ ಹೋಗಿದ್ದಳು. ಹೆಂಡತಿ ಬೆಂಚಿನ ತುದಿಯಲ್ಲಿ ಕೂತು ಗಿಣಿಯನ್ನೂ ನನ್ನನ್ನೂ ನೋಡಿ, "ಎದ್ರೆ ಮೊದಲು ನನ್ನನ್ನೇ ಕೇಳ್ತಾಳೆ" ಎಂದಳು.

"ಹೋಗಿ ಬಾ. ಅವಳಿಗೆ ನಾನು ಹೇಳ್ತೀನಿ" ಎಂದೆ.

ಶರಟಿನ ತೋಳನ್ನು ಇನ್ನೊಂದು ಮಡಿಕೆ ಮಡಿಸಿಕೊಂಡು ಹೊರಟಳು. ಗಿಣಿ ಈಗ ಮಗ್ಗುಲು ಬದಲಿಸುತ್ತಿದ್ದಾಳೆ. ಏಳುವುದನ್ನೇ ಕಾಯುತ್ತಾ ಪಕ್ಕದಲ್ಲಿ ಕೂತಿದ್ದೇನೆ.